ಒಂದೇ ತಟ್ಟೆಯ ಕರಿಯ, ಕೆಂಚಿ

ನಾನು ಚಿಕ್ಕವನಿದ್ದಾಗ ಬಾಣಸವಾಡಿಯಲ್ಲಿ ನಮ್ಮ ಮನೆಯ ಹಿಂದೆಯೇ ಸೊಪ್ಪಿನ ತೋಟವಿತ್ತು ಮಕ್ಕಳೇ. ಈಗ ನಮ್ಮ ಫ್ಲ್ಯಾಟು ನಿಂತಿರುವ ಜಾಗದಲ್ಲಿ ಆಗ ಕೊತ್ತಂಬರಿ, ಮೆಂತ್ಯದ ಮಡಿಗಳಿದ್ದವು. ಬೆಳಗ್ಗೆ ಬಾಗಿಲು ತೆರೆದರೆ ಸಾಕು, ಒದ್ದೆ ಮಣ್ಣಿನ ಜೊತೆ ಕೊತ್ತಂಬರಿಯ ವಾಸನೆ ಘಮ್ಮೆಂದು ಮೂಗಿಗೆ ಬಡಿಯುತ್ತಿತ್ತು. ತೋಟಕ್ಕೆ ನುಗ್ಗುವ ದನಗಳನ್ನು ಓಡಿಸಲು ಒಂದು ನಾಯಿಮರಿ ತರಲೆಂದು ಹೋದ ಅಪ್ಪ, ಅಕ್ಕನ ಹಟಕ್ಕೆ ಸೋತು ಒಂದೇ ಸೂಲಿನ ಎರಡು ಮರಿಗಳನ್ನು ತಂದರು. ಕರಿಯ ನನ್ನವನು, ಕೆಂಚಿ ಅಕ್ಕನವಳು.

ಜಗಳ ಆಡದಿರಲಿ ಎಂದು ನಾವು ಎರಡಕ್ಕೂ ಒಂದೇ ತಟ್ಟೆಯಲ್ಲಿ ಹಾಲು, ಮುದ್ದೆ ಕಲಸಿ ಇಟ್ಟೆವು. ಒಂದೇ ಗೋಣಿಚೀಲದ ಮೇಲೆ ಮಲಗಿಸಿದೆವು. ಅವು ಜಗಳವನ್ನೇನೋ ಆಡಲಿಲ್ಲ, ಆದರೆ ನಮ್ಮನ್ನು ಕಣ್ಣೆತ್ತಿಯೂ ನೋಡಲಿಲ್ಲ. ನಾನು ಕರೆದರೆ ಕರಿಯ ಕೆಂಚಿಯ ಮುಖ ನೋಡುತ್ತಿದ್ದ. ಅತ್ತ ದನ ಬಂದು ಮೆಂತ್ಯ ಮೇಯುತ್ತಿದ್ದರೆ ಇತ್ತ ಕೊತ್ತಂಬರಿ ಮಡಿಯಲ್ಲಿ ಇವರಿಬ್ಬರ ಕುಸ್ತಿ ನಡೆಯುತ್ತಿತ್ತು.

ಒಂದು ಭಾನುವಾರ ಬೆಳಗ್ಗೆ ಅಪ್ಪ, ಜೊತೆಗಿದ್ದರೆ ಇವೆರಡೂ ಯಾರ ಮಾತೂ ಕೇಳುವುದಿಲ್ಲ, ಸಂಜೆ ಕರಿಯನನ್ನು ಹಲಸೂರಿನ ಅತ್ತೆಯ ಮನೆಗೆ ಕೊಟ್ಟುಬರುತ್ತೇನೆ ಎಂದುಬಿಟ್ಟರು. ಅಕ್ಕ ಅತ್ತಳು. ನಾನು ತಿಂಡಿ ಮುಟ್ಟಲಿಲ್ಲ. ಕೊನೆಗೆ ಅಪ್ಪ ಸ್ವಲ್ಪ ಮೆತ್ತಗಾದರು.

"ಸಂಜೆ ಕರೆದಾಗ ನಿನ್ನ ನಾಯಿ ನಿನ್ನ ಹತ್ರ, ಅವಳ ನಾಯಿ ಅವಳ ಹತ್ರ ಬಂದ್ರೆ ಎರಡೂ ಇರ್ಲಿ."

ಅವತ್ತೆಲ್ಲ ನಾನು ಕರಿಯನನ್ನು ಬಾವಿಯ ಬಳಿ ಕಟ್ಟಿಕೊಂಡು ಕೂತೆ. ಅಕ್ಕ ಕೆಂಚಿಯನ್ನು ಅಡುಗೆಮನೆಯಲ್ಲಿ ಇಟ್ಟುಕೊಂಡಳು. ಇವನು ಕುಂಯ್ ಎಂದರೆ ಅಲ್ಲಿಂದ ಅವಳೂ ಕುಂಯ್ ಎನ್ನುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅತ್ತು ಅತ್ತು ಸುಸ್ತಾದ ಕರಿಯ ಮೆಲ್ಲಗೆ ನನ್ನ ಪಾದದ ಮೇಲೆ ಗದ್ದವಿಟ್ಟು ನಿದ್ದೆಹೋದ. ಅವನ ಬಿಸಿಯುಸಿರು ಕಾಲ್ಬೆರಳಿಗೆ ತಾಗುತ್ತಿತ್ತು. ಕಾಲು ಜೋಮು ಹಿಡಿದರೂ ನಾನು ಅಲುಗಾಡಲಿಲ್ಲ. ನನಗೆ ಅಷ್ಟು ಸಂತೋಷವಾಗಿತ್ತು.

ಸಂಜೆ ಅಂಗಳದಲ್ಲಿ ಎರಡನ್ನೂ ಬಿಟ್ಟು, ನಾನೊಂದು ಕಡೆ, ಅಕ್ಕ ಒಂದು ಕಡೆ ನಿಂತು ಗಂಟಲು ಹರಿಯುವಂತೆ ಕರೆದೆವು. ಅವು ನಟ್ಟನಡುವೆ ಒಂದರ ಮೇಲೊಂದು ಬಿದ್ದು ಹೊರಳಾಡಿದವು. ನಮ್ಮತ್ತ ತಿರುಗಿಯೂ ನೋಡಲಿಲ್ಲ.

ಅಪ್ಪ ಕರಿಯನನ್ನು ಸೊಪ್ಪಿನ ಬುಟ್ಟಿಯಲ್ಲಿ ಕೂರಿಸಿದರು. ದಾರಿಯ ಗುರುತು ಸಿಗದಿರಲೆಂದು ಮೇಲೆ ಟವೆಲ್ ಮುಚ್ಚಿ ಸೈಕಲ್ ಏರಿದರು. ಕೆಂಚಿ ಅಕ್ಕನ ಕೈಯಿಂದ ಕೊಸರಿಕೊಂಡು ಸೈಕಲ್ಲಿನ ಹಿಂದೆಯೇ ಓಡಿದಳು. ಎರಡೂ ಹೋದವು ಎಂದು ಅಕ್ಕ ಜಗಲಿಯ ಮೇಲೆ ಕೂತು ಬಿಕ್ಕಿದಳು. ಅವಳನ್ನು ಸಮಾಧಾನ ಮಾಡಲು ಹೋಗಿ ನಾನೂ ಅತ್ತುಬಿಟ್ಟೆ.

ದೀಪ ಹಚ್ಚುವ ಹೊತ್ತಿಗೆ ಸೈಕಲ್ ಬೆಲ್ಲು ಕೇಳಿಸಿತು. ಬುಟ್ಟಿಯಲ್ಲಿ ಎರಡು ತಲೆಗಳಿದ್ದವು.

"ರೈಲ್ವೆ ಗೇಟ್ ಹಾಕ್ಬಿಟ್ಟಿದ್ರು ಕಣಮ್ಮ," ಎಂದರು ಅಪ್ಪ.

ರೈಲು ಹೋದ ಮೇಲೆ ಗೇಟು ತೆಗೆಯುತ್ತಾರೆಂದು ನಮಗೆ ಗೊತ್ತಿರಲಿಲ್ಲವೇ? ಆದರೂ ಯಾರೂ ಆ ಮಾತೆತ್ತಲಿಲ್ಲ. ದನ ಓಡಿಸುವ ಕೆಲಸ ಮಾತ್ರ ಅಂದಿನಿಂದ ನನ್ನ ಮತ್ತು ಅಕ್ಕನ ತಲೆಗೆ ಬಿತ್ತು.

ನಿಮ್ಮ ನಾಯಿ ಜಿಮ್ಮಿ ಹಾಗಲ್ಲ. ಕರೆದರೆ ಬರುತ್ತಾನೆ, ಕೇಳಿದರೆ ಶೇಕ್‌ಹ್ಯಾಂಡ್ ಕೊಡುತ್ತಾನೆ. ಅವನಿಗೆ ಮೆತ್ತನೆಯ ಹಾಸಿಗೆಯಿದೆ, ಸೀನಿದರೆ ಡಾಕ್ಟರಿದ್ದಾರೆ. ಆದರೆ ನೀವು ಸ್ಕೂಲಿಗೆ ಹೋದ ಮೇಲೆ ಅವನು ಬಾಲ್ಕನಿಯ ಕಂಬಿಗಳ ನಡುವೆ ಮೂತಿ ತೂರಿಸಿ, ಕೆಳಗೆ ಆಡುವ ಬೀದಿನಾಯಿಗಳನ್ನೇ ನೋಡುತ್ತ ಕೂರುತ್ತಾನೆ. ನನಗದು ದಿನವೂ ಕಾಣುತ್ತದೆ. ಅದಕ್ಕೇ ನಾಲ್ಕನೇ ಮಹಡಿಯ ತಾತನಿಗೆ, ಸಂಜೆ ತಮ್ಮ ನಾಯಿಯನ್ನೂ ಪಾರ್ಕಿಗೆ ಕರೆತರಲು ಹೇಳಿದ್ದೇನೆ. ನೀವೂ ಬನ್ನಿ. ಅಲ್ಲಿ ಜಿಮ್ಮಿ ನಿಮ್ಮ ಮಾತು ಕೇಳದಿದ್ದರೆ ಮಾತ್ರ ಬೇಜಾರು ಮಾಡಿಕೊಳ್ಳಬೇಡಿ.