ನಾಲ್ಕು ನಿಮಿಷದ ಚಿತ್ರಹಿಂಸೆ

ಅಕ್ಷರದಕ್ಕ ಎಂಬುದು ಅವಳ ಹೆಸರಲ್ಲ; ಆದರೆ ಬೇರೆ ಹೆಸರು ಹಿಡಿದು ಕೇಳಿದರೆ ಆ ಬೀದಿಯಲ್ಲಿ ಯಾರೂ ಅವಳ ಅಂಗಡಿ ತೋರಿಸಲಾರರು. ಸಂಚಾರ ಠಾಣೆಯ ಎದುರು, ನಾಲ್ಕು ರಸ್ತೆ ಕೂಡುವ ಕಡೆ, ಮೆಟ್ಟಿಲ ಅಡಿಯ ಮೂರು ಮೂಲೆಯ ಜಾಗ ಅದು. ಒಂದು ಮೇಜು, ಒಂದು ಕಂಪ್ಯೂಟರ್, ಎರಡು ಸ್ಟೂಲು, ಬಿಸಿಯಾದಾಗಲೆಲ್ಲ ಕೆಮ್ಮುವ ಒಂದು ಜೆರಾಕ್ಸ್ ಯಂತ್ರ. ಎದ್ದು ನಿಂತರೆ ತಲೆಗೆ ಮೆಟ್ಟಿಲು ತಾಗುವುದರಿಂದ ಇಪ್ಪತ್ತೆರಡು ವರ್ಷಗಳಿಂದ ಅವಳು ಕೂತೇ ಇದ್ದಾಳೆ. ಊರಿನ ಹುಟ್ಟು, ಸಾವು, ಜಗಳ, ರಾಜಿ ಎಲ್ಲವೂ ಅವಳ ಬೆರಳ ತುದಿಯಿಂದ ಹಾದು ಹೋಗಿವೆ. ಅವಳದೆಂಬ ಒಂದು ವಾಕ್ಯವೂ ಅವುಗಳಲ್ಲಿ ಇಲ್ಲ.

ಇರದಂತೆ ಅವಳೇ ನೋಡಿಕೊಂಡಿದ್ದಳು. ಕೆಲಸಕ್ಕೆ ಕೂತ ಹೊಸತರಲ್ಲಿ ಹೆಂಗಸೊಬ್ಬಳು ಬಂದು, "ನನ್ನ ಗಂಡ ಸತ್ತ, ಪಿಂಚಣಿ ಕೊಡಿ ಅಂತ ಬರಿಯಮ್ಮ" ಎಂದಿದ್ದಳು. ಆ ಬಾಡಿದ ಮುಖದೆದುರು 'ಸತ್ತ' ಎಂದು ಒತ್ತಲು ಬೆರಳು ಏಳದೆ 'ದೈವಾಧೀನರಾದರು' ಎಂದು ಹಾಕಿಬಿಟ್ಟಳು. ಕಚೇರಿಯ ಗುಮಾಸ್ತ ಅರ್ಜಿ ವಾಪಸು ಕಳಿಸಿದ: 'ಸದರಿಯವರು ಯಾರ ಅಧೀನಕ್ಕೆ ವರ್ಗವಾಗಿದ್ದಾರೋ ಆ ಆದೇಶದ ಪ್ರತಿ ಲಗತ್ತಿಸಿ.' ಆ ಹೆಂಗಸು ಎರಡು ತಿಂಗಳು ಚಪ್ಪಲಿ ಸವೆಸಿದಳು. ಅಂದಿನಿಂದ ಅಕ್ಷರದಕ್ಕನದು ಒಂದೇ ಕಟ್ಟಳೆ: ಕಾಗುಣಿತ ನನ್ನದು, ಅರ್ಥ ನಿಮ್ಮದು. ಒತ್ತಕ್ಷರ ತಪ್ಪಿದ್ದರೆ ಕೇಳದೆ ತಿದ್ದುತ್ತಾಳೆ. ಪದವೇ ತಪ್ಪಿದ್ದರೆ ಒಂದು ಸಲ ಕೇಳುತ್ತಾಳೆ. ಗಿರಾಕಿ 'ಇರಲಿ' ಎಂದರೆ ಇರುತ್ತದೆ.

ಅವಳ ದೊಡ್ಡ ಗಿರಾಕಿ ಎದುರಿನ ಠಾಣೆಯೇ. ಅಲ್ಲಿನ ಕಂಪ್ಯೂಟರ್ ರಿಪೇರಿಗೆ ಹೋಗಿ ಎಂಟು ತಿಂಗಳಾಗಿತ್ತು. ಅದೂ ತಲೆಮರೆಸಿಕೊಂಡ ಆರೋಪಿಯಂತೆ ಪತ್ತೆಯಿರಲಿಲ್ಲ. ಹಾಗಾಗಿ ಠಾಣೆಯ ಕಾಗದವೆಲ್ಲ ರಸ್ತೆ ದಾಟಿ ಅವಳಲ್ಲಿಗೇ ಬರುತ್ತಿತ್ತು. ತರುವವನು ಸೀಟಿ ಸಾಹೇಬ. ಬೈಯುವಾಗಲೂ ಬಾಯಿಂದ ಸೀಟಿ ತೆಗೆಯದ ಅಧಿಕಾರಿ. ಅವನ ಪ್ರತಿ ಬೈಗುಳದ ಕೊನೆಗೆ ಒಂದು ಸಣ್ಣ ಪೀಪಿ ಉಚಿತ.

ಆ ಮಂಗಳವಾರ ಬೆಳಿಗ್ಗೆ ಸಿಗ್ನಲ್ ದೀಪ ಕೆಟ್ಟಿತ್ತು. ಸೀಟಿ ಸಾಹೇಬ ನಡು ರಸ್ತೆಯಲ್ಲಿ ನಿಂತು, ಬಲಗೈಯಲ್ಲಿ ಕಿವಿಗೆ ಫೋನು ಹಿಡಿದು, ಎಡಗೈಯಲ್ಲಿ ಊರನ್ನು ನಡೆಸುತ್ತಿದ್ದ. ಅಕ್ಷರದಕ್ಕನ ನಾದಿನಿ ಮಕ್ಕಳನ್ನು ಶಾಲೆಗೆ ಬಿಟ್ಟು ಖಾಲಿ ವ್ಯಾನು ಓಡಿಸಿಕೊಂಡು ಬಂದಳು. ಎಡಗೈ ಬೀಸಿತು. ವ್ಯಾನು ಮುಂದೆ ಬಂತು. ಸೀಟಿ ಕಿರುಚಿತು.

"ನಿಲ್ಲಿಸು! ಯಾರು ಬಾ ಅಂದಿದ್ದು ನಿನ್ನ?"

"ನೀವೇ ಕೈ ಬೀಸಿದ್ರಲ್ಲ ಸಾರ್."

ನಾದಿನಿಯ ಗಂಟಲು ಅಕ್ಷರದಕ್ಕನಿಗೆ ಗೊತ್ತು. ತಲೆ ತಗ್ಗಿಸಿ ಹೊರಬಂದು ಅಂಗಡಿಯ ಹೊಸ್ತಿಲ ಮೇಲೆ ನಿಂತಳು. ನಾದಿನಿಯ ಲೈಸೆನ್ಸಿನ ಮೇಲೆ ಆಗಲೇ ಎರಡು ತಪ್ಪು ಬಿದ್ದಿವೆ, ಮೂರನೆಯದು ಬಿದ್ದರೆ ಅದು ರದ್ದು ಎಂಬುದೂ ಅವಳಿಗೆ ಗೊತ್ತು. ಏನು ಮಾಡಬೇಕೆಂದು ತೋಚದೆ, ಕೈಯಲ್ಲಿದ್ದ ಫೋನು ಎತ್ತಿ ವಿಡಿಯೋ ಒತ್ತಿದಳು. ದಿನಾ ಜನರ ದಾಖಲೆ ಚಿತ್ರ ತೆಗೆಯುವ ಕೈ. ನಡುಗಲಿಲ್ಲ, ಅಂಚು ಕತ್ತರಿಸಲಿಲ್ಲ.

"ಬೀಸಿದ್ದು ನಿಜ," ಎಂದ ಸಾಹೇಬ. "ಅದು ನಿನಗಲ್ಲ. ಮನೆಯಿಂದ ಫೋನಿತ್ತು. ಬೇಡ ಬೇಡ ಅಂತ ಅವಳಿಗೆ ಬೀಸಿದ್ದು."

"ಫೋನಲ್ಲಿರೋರಿಗೆ ಕೈ ಬೀಸಿದ್ರೆ ಕಾಣುತ್ತಾ ಸಾರ್?"

"ಬಾಯಿ ಜಾಸ್ತಿ ಆಯ್ತು ನಿಂದು. ಲೈಸೆನ್ಸ್ ತೆಗಿ. ಪೀ."

ಲೈಸೆನ್ಸ್ ಕಿಸೆಗೆ ಇಳಿಸಿ ತಿರುಗಿದಾಗ ಅವನಿಗೆ ಹೊಸ್ತಿಲ ಮೇಲಿನ ಫೋನು ಕಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಏನೂ ಅಂದಿರಲಿಲ್ಲ, ಆದರೂ ಸಾಹೇಬನ ಕೈ ಹೆಗಲ ಪಟ್ಟಿಗೆ ಹೋಯಿತು.

"ಯಾರಪ್ಪಣೆ ತಗೊಂಡು ವಿಡಿಯೋ ಮಾಡ್ತಿದೀಯಮ್ಮ?"

"ನನ್ನ ಅಂಗಡಿ ಬಾಗಿಲಲ್ಲಿ ನಿಂತಿದೀನಿ ಸಾರ್. ರಸ್ತೆ ನೋಡೋಕೆ ಅಪ್ಪಣೆ ಬೇಕಾ?"

"ನೋಡು. ಯಾರು ಬೇಡ ಅಂದ್ರು? ಆದ್ರೆ ನೋಡಿದ್ದನ್ನ ಇಟ್ಕೋಬಾರದು."

ಅಷ್ಟರಲ್ಲಿ ನಾಲ್ಕು ಜನ ಸೇರಿದರು. ಸೇರಿದವರೆಲ್ಲ ವಕೀಲರಾದರು. "ಪೊಲೀಸರನ್ನ ತೆಗೀಬಾರದು, ಅದು ರಾಜದ್ರೋಹ" ಎಂದ ಪಕ್ಕದ ಬೀಗದ ಅಂಗಡಿಯವನು. "ಮುಖ ಬಿಟ್ಟು ಕಾಲು ಮಾತ್ರ ತೆಗೀಬಹುದು" ಎಂದಿತು ಒಂದು ದನಿ. "ಫೋಟೋ ಆಗಬಹುದು, ಮಾತು ಬರೋ ಹಾಗಿಲ್ಲ" ಎಂದಿತು ಇನ್ನೊಂದು. ನಾದಿನಿ ಮಾತ್ರ ಕಂಬದ ಮೇಲೆ ತೂಗುಹಾಕಿದ್ದ ಪೊಲೀಸ್ ಇಲಾಖೆಯ ಫಲಕವನ್ನು ಗಟ್ಟಿಯಾಗಿ ಓದಿದಳು: "ಕ್ಯಾಮೆರಾ ನಿಮ್ಮನ್ನು ನೋಡುತ್ತಿದೆ. ತಪ್ಪು ಮಾಡದವರಿಗೆ ಭಯವೇಕೆ?" ಆಮೇಲೆ ಕೇಳಿದಳು, "ಅತ್ತಿಗೆ, ಇದನ್ನ ಟೈಪ್ ಮಾಡಿದ್ದು ನೀವೇ ತಾನೆ?"

"ನಾನೇ. ಸಾಹೇಬರು ಹೇಳಿದ್ದು."

ಸಾಹೇಬ ಫೋನು ಕಿತ್ತುಕೊಂಡ. "ಲಾಕ್ ತೆಗಿ, ಅಳಿಸ್ತೀನಿ."

ಅವಳು ಬೆರಳು ಒತ್ತಿದಳು. ಇಂಕಿನ ಪುಡಿ ಮೆತ್ತಿದ ಬೆರಳನ್ನು ಆ ಫೋನು ಯಾವತ್ತೂ ಗುರುತು ಹಿಡಿದದ್ದಿಲ್ಲ, ಆವತ್ತೂ ಹಿಡಿಯಲಿಲ್ಲ. ಸಂಖ್ಯೆ ಹೇಳು ಎಂದ. ಆ ಗಾಬರಿಯಲ್ಲಿ ಅವಳಿಗೆ ಅದು ಮರೆತೇಹೋಯಿತು. ಕೊನೆಗೆ ಫೋನೂ ಲೈಸೆನ್ಸೂ ಒಟ್ಟಿಗೆ ಠಾಣೆಯ ಕಪಾಟು ಸೇರಿದವು.

ಸಂಜೆ ಮನೆಯಲ್ಲಿ ಗಂಡ ಒಂದೇ ಉಸಿರಿಗೆ ಇಬ್ಬರ ಪರವಾಗಿಯೂ ಮಾತಾಡಿದ. "ನಿನಗ್ಯಾಕೆ ಬೇಕಿತ್ತು ಊರ ಉಸಾಬರಿ? ತಂಗಿ ಲೈಸೆನ್ಸ್ ಗತಿ ಏನು ಈಗ? ಸುಮ್ನಿರೋಕಾಗಲ್ವಾ? ಏನಾದ್ರೂ ಮಾಡಬಾರದಾ?"

"ಅಣ್ಣ, ಅದರಲ್ಲಿ ಒಂದು ಆರಿಸ್ಕೊ," ಎಂದಳು ನಾದಿನಿ. ನಗಿಸಲು ಹೇಳಿದ ಮಾತು, ಯಾರೂ ನಗಲಿಲ್ಲ. ಶಾಲೆಯವರು ಆಗಲೇ ತಿಳಿಸಿದ್ದರು: ಶುಕ್ರವಾರ ಶಾಲೆ ಬಿಡುವುದರೊಳಗೆ ಲೈಸೆನ್ಸ್ ತೋರಿಸದಿದ್ದರೆ ಅವಳ ದಾರಿ ಬೇರೆ ವ್ಯಾನಿಗೆ. ಹನ್ನೊಂದು ವರ್ಷ ಓಡಿಸಿದ ದಾರಿ. ಯಾವ ಮನೆಯ ಗೇಟು ಕಿರುಗುಟ್ಟುತ್ತದೆ, ಯಾವ ಮಗು ಎಡ ಕಿಟಕಿಗೇ ಜಗಳವಾಡುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಸಾಹೇಬ ಕೈ ಬೀಸಿದ್ದನ್ನು ಅವನ ಬಾಯಲ್ಲೇ ಹೇಳಿಸಿದ ಆ ವಿಡಿಯೋ ಬಿಟ್ಟರೆ ಅವಳ ಪರ ಸಾಕ್ಷಿಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಸೀಟಿ ಸಾಹೇಬ ದಪ್ಪ ಪುಸ್ತಕವೊಂದನ್ನು ಕಂಕುಳಲ್ಲಿಟ್ಟುಕೊಂಡು ಅಕ್ಷರದಕ್ಕನ ಅಂಗಡಿಗೇ ಬಂದ. ಫೋನು ಹಿಡಿದಿಟ್ಟುಕೊಳ್ಳಬೇಕಾದರೆ ಮೇಲಿನ ಕಚೇರಿಗೆ ಕಾಗದ ಹೋಗಬೇಕು. ಟೈಪಾಗದ ಕಾಗದವನ್ನು ಮೇಲಿನವರು ಮುಟ್ಟುವುದಿಲ್ಲ. ಟೈಪ್ ಮಾಡುವವಳು ಆ ಬೀದಿಗೆ ಒಬ್ಬಳೇ. ಸ್ಟೂಲು ಎಳೆದುಕೊಂಡು ಕೂತ.

"ಬರಿಯಮ್ಮ. ದೂರು ಕೊಡೋನು ನಾನು. ದೂರು ಯಾರ ಮೇಲೆ ಅಂದ್ರೆ, ನೀನು."

"ನನ್ನ ಹೆಸರಲ್ಲಿ ಒಂದು ದೀರ್ಘ ಇದೆ ಸಾರ್. ನಾನೇ ಹಾಕ್ಕೊಳ್ಳಲಾ?"

"ಹಾಕ್ಕೊ."

"ಕಲಂ ಯಾವುದು ಸಾರ್?"

ಸಾಹೇಬ ಪುಸ್ತಕ ಬಿಡಿಸಿದ. ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಹೋದ. ಕದ್ದವರಿಗೆ ಕಲಂ ಇತ್ತು, ಹೊಡೆದವರಿಗೆ ಇತ್ತು, ರಸ್ತೆಯಲ್ಲಿ ದನ ಕಟ್ಟಿದವರಿಗೂ ಇತ್ತು. ರಸ್ತೆ ಬದಿ ನಿಂತು ನೋಡಿದ್ದನ್ನು ಫೋನಿನಲ್ಲಿ ಇಟ್ಟುಕೊಂಡವರಿಗೆ ಮಾತ್ರ ಯಾವ ಪುಟದಲ್ಲೂ ಜಾಗ ಸಿಗಲಿಲ್ಲ.

"ಕರ್ತವ್ಯಕ್ಕೆ ಅಡ್ಡಿ ಅಂತ ಹಾಕು."

"ಎಷ್ಟು ದೂರದಿಂದ ಅಂತ ನಮೂನೆಯಲ್ಲಿ ಕೇಳಿದಾರೆ ಸಾರ್."

"ಹದಿನೈದು ಅಡಿ."

"ಹದಿನೈದು ಅಡಿ ದೂರದಿಂದ ಅಡ್ಡಿ," ಎಂದು ಅವಳು ಓದಿ ಹೇಳಿದಳು. ಕೇಳಿದ ಅವನಿಗೇ ರುಚಿಸಲಿಲ್ಲ.

"ಬೇಡ, ತೆಗಿ. ಕಲಂ ಖಾಲಿ ಬಿಡು, ಮೇಲಿನವರು ತುಂಬ್ತಾರೆ."

ಕಾನೂನಿನಲ್ಲಿ ಸಿಗದ ತೂಕವನ್ನು ಇನ್ನು ಪದದಲ್ಲೇ ತುಂಬಬೇಕಿತ್ತು. "ಚಿತ್ರೀಕರಣ ಮಾಡಿರುತ್ತಾರೆ ಅಂತ ಹಾಕಲಾ?" ಎಂದಳು.

"ಛೆ, ಅದು ಮದುವೆ ಮನೆ ಮಾತು. ನನಗೆಷ್ಟು ಹಿಂಸೆ ಆಗಿದೆ ಗೊತ್ತಾ? ಊಟ ಸೇರ್ತಿಲ್ಲ. ಚಿತ್ರ ತೆಗೆದು ಹಿಂಸೆ ಕೊಟ್ಟಿದೀಯ ನೀನು. ಚಿತ್ರ... ಹಿಂಸೆ..." ಮುಖ ಅರಳಿತು. "ಚಿತ್ರಹಿಂಸೆ! ಅದನ್ನ ಹಾಕು."

ಅವಳ ಬೆರಳು ನಿಂತವು. "ಸಾರ್, ಆ ಪದಕ್ಕೆ ರೂಢಿಯಲ್ಲಿ ಬೇರೆ ಅರ್ಥ. ಉಗುರು ಕೀಳೋದು, ತಲೆಕೆಳಗೆ ನೇತು ಹಾಕೋದು..."

"ಅದನ್ನ ನನಗೆ ಹೇಳಿಕೊಡ್ತೀಯಾ? ಭಾರೀ ಪದ, ಅದಕ್ಕೇ ಬೇಕು. ನೀನು ಬೆರಳಾಡಿಸು, ನಾಲಿಗೆ ಬೇಡ. ಪೀ."

ಒಂದು ಸಲ ಕೇಳಿದ್ದಾಯಿತು. ಎರಡನೇ ಸಲ ಕೇಳಬಹುದಿತ್ತು. ಮಾತು ನಾಲಿಗೆಯ ತುದಿಯವರೆಗೂ ಬಂತು. ಸಾಹೇಬನೇ ಬೇಡವೆಂದ ನಾಲಿಗೆ ಅದು. ಅವಳು ಬೆರಳಾಡಿಸಿದಳು.

'ನಾನು', 'ನನಗೆ' ಎನ್ನುವುದು ಕಚೇರಿಗೆ ಶೋಭೆಯಲ್ಲವೆಂದು ಸಾಹೇಬ ಅವನ್ನೂ ಒಂದೊಂದಾಗಿ ತೆಗೆಸಿದ. ಕೊನೆಗೆ ಮುದ್ರಣವಾಗಿ ಬಂದದ್ದು ಇಷ್ಟು: 'ಸಂಚಾರ ಕರ್ತವ್ಯದ ವೇಳೆ, ಠಾಣೆಯ ಎದುರು, ಮೇಲ್ಕಂಡ ಮಹಿಳೆಗೆ ಸಂಬಂಧಿಸಿದಂತೆ, ಸತತ ನಾಲ್ಕು ನಿಮಿಷಗಳ ಕಾಲ ಚಿತ್ರಹಿಂಸೆ ನಡೆದಿರುತ್ತದೆ. ಸಾಕ್ಷ್ಯವು ನಮ್ಮ ವಶದಲ್ಲಿರುತ್ತದೆ. ಮುಂದಿನ ಕ್ರಮಕ್ಕಾಗಿ ಕೋರಿದೆ.'

"ಓದಿ ನೋಡಿ ಸಾರ್," ಎಂದು ಕೊಟ್ಟಳು. ಅವನು ಎರಡು ಸಲ ಓದಿದ, ತಲೆದೂಗಿದ, ಉದ್ದ ಬಾಲದ ಸಹಿ ಹಾಕಿದ.

ಶುಕ್ರವಾರ ಬೆಳಿಗ್ಗೆ ಮೇಲಿನ ಕಚೇರಿಯಿಂದ ಕರೆ ಬಂತು: ಆ ಫೋನನ್ನು ಯಾರೂ ಮುಟ್ಟಬಾರದು, ಅಧಿಕಾರಿ, ಮಹಿಳೆ, ಕಣ್ಣಾರೆ ಕಂಡವರಿದ್ದರೆ ಅವರೂ ತಕ್ಷಣ ಹಾಜರಾಗಬೇಕು. ಕಂಡವಳಾಗಿ ನಾದಿನಿ ಹೋದಳು. ಹಿರಿಯ ಅಧಿಕಾರಿ ಕನ್ನಡಕದ ಒಬ್ಬ ಹೆಂಗಸು. ಅಕ್ಷರದಕ್ಕನನ್ನು ಕೂರಿಸಿ, ನೀರು ಕೊಡಿಸಿ, ಮೆತ್ತಗೆ ಕೇಳಿದಳು:

"ಹೆದರಬೇಡಿಯಮ್ಮ. ಎಲ್ಲಿ ಹೊಡೆದ್ರು?"

"ಯಾರೂ ಹೊಡೀಲಿಲ್ಲ ಮೇಡಂ."

"ಮೇಡಂ, ಹಿಂಸೆ ಆಗಿದ್ದು ನನಗೆ," ಎಂದ ಸೀಟಿ ಸಾಹೇಬ. ಅಂದು ಬಾಯಲ್ಲಿ ಸೀಟಿ ಇರಲಿಲ್ಲ.

ಹಿರಿಯಳು ಕಾಗದ ನೋಡಿದಳು, ಅವನನ್ನು ನೋಡಿದಳು. "ಈ ಇಲಾಖೆಗೆ ಬಂದು ಇಪ್ಪತ್ತೈದು ವರ್ಷ ಆಯ್ತು. ಇಂಥದನ್ನ ತಾನಾಗೇ ಸಹಿ ಹಾಕಿ ಕಳಿಸಿದೋರನ್ನ ಇವತ್ತೇ ನೋಡ್ತಿರೋದು. ಫೋನು ತೆಗೀರಿ."

ಅಕ್ಷರದಕ್ಕ ಸಂಖ್ಯೆ ಒತ್ತಿದಳು, ಈಗ ನೆನಪಿತ್ತು. ನಾಲ್ಕು ನಿಮಿಷ ಆ ಕೋಣೆಯಲ್ಲಿ ಸಾಹೇಬನ ದನಿಯೇ ಎದ್ದು ಕೇಳಿಸಿತು, 'ಬೀಸಿದ್ದು ನಿಜ' ಎಂಬಲ್ಲಿಂದ ಕಡೆಯ ಪೀ ವರೆಗೆ. ಯಾರೂ ನಗಲಿಲ್ಲ. ನಾದಿನಿ ಕಿಟಕಿಯಾಚೆಯ ಗೋಡೆಯನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದಳು.

"ಈಯಮ್ಮ ನಿಮಗೆ ಅಡ್ಡ ಬಂದ್ರಾ?"

"ಇಲ್ಲ ಮೇಡಂ."

"ಬೈದ್ರಾ? ಕೆಲಸ ನಿಲ್ಲಿಸಿದ್ರಾ?"

"ಇಲ್ಲ. ನೋಡ್ತಾ ಇದ್ರು."

"ಲೈಸೆನ್ಸ್ ಕೊಡಿ. ಫೋನೂ ಕೊಡಿ."

ಕಪಾಟಿನಿಂದ ತಂದಿದ್ದ ಲೈಸೆನ್ಸ್ ಸಾಹೇಬನ ಕಿಸೆಯಿಂದ ಹೊರಬಂತು. ನಾದಿನಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅಲ್ಲಿಯವರೆಗೆ ಬಿಗಿಹಿಡಿದಿದ್ದ ಕಣ್ಣು ಆಗ ತುಂಬಿತು. ಗೋಡೆಯ ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಸಾಹೇಬನನ್ನು ಹೊರಗೆ ಕಳಿಸಿ ಹಿರಿಯಳು ಬಾಗಿಲು ಮುಚ್ಚಿಸಿದಳು.

"ನೋಡಿಯಮ್ಮ. ರಸ್ತೆಬದಿ ನಿಂತು, ಅಡ್ಡ ಬರದೆ, ಪೊಲೀಸರ ವಿಡಿಯೋ ತೆಗೆದ್ರೆ ಅದು ತಪ್ಪಲ್ಲ. ಆದ್ರೆ ತಪ್ಪಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗಬೇಡಿ."

ಅಕ್ಷರದಕ್ಕ ಯೋಚಿಸಿದಳು. "ತಪ್ಪಲ್ಲ ಅಂತ ಒಂದು ಸಾಲು ಬರೆದು ಕೊಡ್ತೀರಾ ಮೇಡಂ? ನೀವು ಹೇಳಿದ್ರೆ ಸಾಕು, ಟೈಪ್ ನಾನೇ ಮಾಡ್ಕೊಂಡು ಬರ್ತೀನಿ."

"ಅದೆಲ್ಲ ಬರೆದು ಕೊಡೋಕೆ ಬರಲ್ಲ."

"ಯಾವ ಕಲಂ ಪ್ರಕಾರ ಬರಲ್ಲ ಮೇಡಂ?"

ಹಿರಿಯಳು ಕನ್ನಡಕ ತೆಗೆದು ಒರೆಸತೊಡಗಿದಳು. ಹೋಗಬಹುದೆಂದು ಅದರ ಅರ್ಥ ಇರಬೇಕು. ಇಬ್ಬರೂ ಹೋದರು.

ವ್ಯಾನು ನೇರ ಶಾಲೆಗೆ ಹೊರಟಿತು. ಅತ್ತಿಗೆಯೂ ಜೊತೆಗೇ ಹತ್ತಿದಳು. ಅಂಗಡಿ ತೆರೆಯಲು ಆವತ್ತು ಮನಸ್ಸಾಗಲಿಲ್ಲ. ಶಾಲೆಯ ಕಾವಲುಗಾರ ಲೈಸೆನ್ಸ್ ನೋಡಿ, ಹೆಬ್ಬೆರಳಿನಿಂದ ಉಜ್ಜಿಯೂ ನೋಡಿ ಗೇಟು ತೆಗೆದ. ಮಕ್ಕಳು ಏರಿದರು. ಎಡ ಕಿಟಕಿಗೆ ಜಗಳ ಶುರುವಾಯಿತು.

"ಒಳಗೆ ಕೊನೇಲಿ ಏನಂದ್ರು ಅತ್ತಿಗೆ? ನನಗೆ ತಲೇನೇ ಓಡ್ತಿರಲಿಲ್ಲ," ಎಂದಳು ನಾದಿನಿ, ಗೇರು ಹಾಕುತ್ತ.

ಅಕ್ಷರದಕ್ಕ ಹಿಂದೆ ತಿರುಗಿ ನೋಡಿದಳು. ಹದಿನಾಲ್ಕು ಮಕ್ಕಳು, ಇಪ್ಪತ್ತೆಂಟು ಕಿವಿ.

"ವಿಡಿಯೋ ತೆಗೆಯೋದು ತಪ್ಪಲ್ಲವಂತೆ," ಎಂದಳು ಗಟ್ಟಿಯಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ. "ಆದ್ರೆ ಯಾರಿಗೂ ಹೇಳಬಾರದಂತೆ."