ಕೈ ಖಾಲಿ ಇರುವವರು

ಆ ಮನೆಯ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ನಲ್ಲಿಯ ಕೆಳಗೆ ಕೈ ಹಿಡಿದರೆ ನೀರು ತಾನೇ ಬರುತ್ತದೆ. ಬಚ್ಚಲಿಗೆ ಕಾಲಿಟ್ಟರೆ ದೀಪ ತಾನೇ ಹತ್ತುತ್ತದೆ, ಮೂರು ನಿಮಿಷ ಯಾರೂ ಅಲ್ಲಾಡದಿದ್ದರೆ ತಾನೇ ಆರುತ್ತದೆ. ಹೀಗಾಗಿ ಆ ಮನೆಗೆ ಬಂದ ನೆಂಟರು ಕಣ್ಣಿಗೆ ಸೋಪು ಹೋದಾಗ ಕತ್ತಲಲ್ಲಿ ನಿಂತು ಗಾಳಿಯಲ್ಲಿ ಕೈ ಬೀಸುವುದನ್ನು ಕಲಿಯಲೇಬೇಕು. ಇಷ್ಟನ್ನೂ ಮಾಡಿಟ್ಟ ಮಹಾನುಭಾವನಿಗೆ ನೆರೆಹೊರೆಯವರು ಇಟ್ಟ ಹೆಸರು ಆಟೋಮ್ಯಾಟಿಕ್. ಹೆತ್ತವರು ಇಟ್ಟ ಹೆಸರೂ ಒಂದಿದೆ, ಆ ಹೆಸರಿನಿಂದ ಅವನನ್ನು ಕರೆಯುವವರು ಈಗ ಯಾರೂ ಇಲ್ಲ.

ಹೇಳಿ ಕೇಳಿ ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತಾರು ವರ್ಷದಿಂದ ಜನರನ್ನು ಮೇಲಕ್ಕೆ ಕೆಳಕ್ಕೆ ಸಾಗಿಸುವ ಪೆಟ್ಟಿಗೆಗಳ ಸೇವೆ ಮಾಡಿಕೊಂಡು ಬಂದವನು. ಮನುಷ್ಯ ಯಾಕೆ ಸುಮ್ಮನೆ ಕೈಕಾಲು ಸವೆಸಬೇಕು ಎನ್ನುವುದು ಅವನ ಜೀವನದ ಒಂದೇ ಪ್ರಶ್ನೆ. ಯಾರಾದರೂ ಒಂದೇ ಕೆಲಸವನ್ನು ಎರಡು ಸಲ ಮಾಡಿದ್ದು ಕಣ್ಣಿಗೆ ಬಿದ್ದರೆ ಮುಗಿಯಿತು, ಅವನ ಕೈ ತುರಿಸತೊಡಗುತ್ತದೆ. ಹೆಂಡತಿ ಕಿಟಕಿಯಲ್ಲಿ ಒಂದೇ ಒಂದು ಹೂವಿನ ಕುಂಡ ಇಟ್ಟಿದ್ದಳು. ಅದಕ್ಕೂ ಇವನು ಪೈಪು ಎಳೆದು, ಗಂಟೆಗೊಮ್ಮೆ ನೀರು ಬೀಳುವ ಹಾಗೆ ಮಾಡಿದ. ಹತ್ತು ದಿನದಲ್ಲಿ ಗಿಡದ ಬೇರು ಕೊಳೆತುಹೋಯಿತು. ಗಿಡಕ್ಕೆ ತಾಕತ್ತಿರಲಿಲ್ಲ ಎಂದು ಇವತ್ತಿಗೂ ವಾದಿಸುತ್ತಾನೆ.

ಹೆಂಡತಿ ಹಲ್ಲಿನ ಡಾಕ್ಟರ ಹತ್ತಿರ ನರ್ಸು. ದಿನವಿಡೀ ಬಾಯಿ ತೆರೆದು ಮಲಗಿದವರ ಪಕ್ಕದಲ್ಲೇ ನಿಂತಿರುವವಳು. ಬಾಯಿ ತೆರೆದು ಮಲಗಿದವರು ಎದುರು ಮಾತಾಡುವಂತಿಲ್ಲವಲ್ಲ, ಆ ಅಭ್ಯಾಸವನ್ನು ಹಾಗೇ ಮನೆಗೂ ತಂದಿದ್ದಳು. ಅವಳು ಹೇಳಿದ ಮೇಲೆ ಮುಗಿಯಿತು. ಆಟೋಮ್ಯಾಟಿಕ್ ಕೂಡ ಅವಳ ಮುಂದೆ ಬಾಯಿ ಬಿಡುತ್ತಿದ್ದದ್ದು ಊಟಕ್ಕೆ ಮಾತ್ರ ಎಂದು ಅವನೇ ಹೇಳಿಕೊಂಡು ನಗುತ್ತಾನೆ.

ಈ ಇಬ್ಬರ ಕೈಗೆ ಸಿಕ್ಕಿಬಿದ್ದವರು ಅವಳ ಅಪ್ಪ. ನಲವತ್ತು ವರ್ಷ ಮಾರ್ಕೆಟ್ಟಿನ ಮೂಲೆಯಲ್ಲಿ ಬೀಗದ ಕೈ ಮಾಡಿಕೊಡುತ್ತಿದ್ದ ಮನುಷ್ಯ. ಒಂದೂವರೆ ವರ್ಷದ ಹಿಂದೆ ಅಂಗಡಿ ಮುಂದೆಯೇ ಬಿದ್ದರು, ಬಲಗೈಗೆ ನಡುಕ ಬಂತು. ಮಗಳು ಅವತ್ತೇ ಹೋಗಿ ಕರೆದುಕೊಂಡು ಬಂದಳು. ಅವತ್ತಿನಿಂದ ಅವರ ಅಂಗಿಯ ಗುಂಡಿ ಹಾಕುವುದು ಅವಳು, ಟೀ ಬಗ್ಗಿಸಿ ಕೊಡುವುದು ಅವಳು, ಬ್ರೆಡ್ಡು ಮುರಿದು ತಟ್ಟೆಗೆ ಹಾಕುವುದೂ ಅವಳು. ಮುದುಕರು ಯಾವುದಕ್ಕೆ ಕೈ ಚಾಚಿದರೂ, "ಸಾಕು ಬಿಡಪ್ಪಾ, ನಾನ್ ಮಾಡ್ತೀನಿ" ಎಂದು ಓಡಿ ಬರುವಳು. ಅವಳು ಓಡಿ ಬರಲಾಗದ ಕೆಲಸಗಳನ್ನೆಲ್ಲ ಅಳಿಯ ನೋಡಿಕೊಂಡಿದ್ದ. ಫ್ಯಾನು, ದೀಪ, ಕಿಟಕಿಯ ಪರದೆ ಎಲ್ಲಕ್ಕೂ ಕುರ್ಚಿಯ ಕೈಯಲ್ಲೇ ಬಟನ್ನು. ಮುದುಕರಿಗೆ ಬೆರಳು ಬಿಟ್ಟು ಬೇರೆ ಯಾವ ಅಂಗಕ್ಕೂ ಕೆಲಸವಿಲ್ಲದ ಹಾಗೆ ಮಾಡಿ, ಮಾವನ ಸೇವೆ ಅಂದರೆ ಇದು ಎಂದು ಎದೆಯುಬ್ಬಿಸಿಕೊಂಡಿದ್ದ.

ಮೊದಮೊದಲು ಅವರು ಸಿಡಿಮಿಡಿಗೊಂಡರು. ಆಮೇಲೆ ಬಾಯಿಗೆ ಬೀಗ ಬಿತ್ತು. ಆರು ತಿಂಗಳಿಂದ ಹೂಂ, ಉಹೂಂ ಬಿಟ್ಟರೆ ಮಾತಿಲ್ಲ, ತಟ್ಟೆಗೆ ಹಾಕಿದ್ದರಲ್ಲಿ ಅರ್ಧ ವಾಪಸು. ಡಾಕ್ಟರು ರಕ್ತ ನೋಡಿದರು, ಎದೆ ನೋಡಿದರು, ಎಲ್ಲ ಸರಿಯಾಗಿದೆ ಎಂದರು. ಅದೇ ಭಯವಾದದ್ದು ಮಗಳಿಗೆ. ಕಾಯಿಲೆ ಇದ್ದಿದ್ದರೆ ಔಷಧಿ ಕೊಡಬಹುದಿತ್ತು. ಎಲ್ಲ ಸರಿಯಿರುವ ಮನುಷ್ಯ ಕಣ್ಣೆದುರಿಗೇ ಸೊರಗಿ ಹೋಗುತ್ತಿದ್ದರೆ ಏನು ಮಾಡುವುದು? ಹೀಗೇ ಒಂದು ದಿನ ಅಪ್ಪ ಸದ್ದಿಲ್ಲದೆ ಹೊರಟುಬಿಡುತ್ತಾರೆ ಎಂದು ಅವಳ ಎದೆ ಸದಾ ಹೊಡೆದುಕೊಳ್ಳುತ್ತಿತ್ತು. ಅದಕ್ಕೆ ಇನ್ನಷ್ಟು ಸೇವೆ ಮಾಡಿದಳು.

ಅವಳಿಗೂ ಒಂದು ಹುಚ್ಚು ಇತ್ತು, ಕಂಪ್ಯೂಟರ್ ಆಟ. ಯಾವುದೋ ಬೆಟ್ಟದ ಮೇಲೆ ಇಳಿದ ಹದಿನಾಲ್ಕು ಜನರನ್ನು ಬದುಕಿಸಿ, ಬೆಟ್ಟ ಅಗೆದು ಅದಿರು ತೆಗೆಸಿ, ಮನೆಮಠ ಕಟ್ಟಿಸುವ ಆಟ. ಕೆಲಸ ಮುಗಿಸಿ ಬಂದು ದಿನವೂ ಒಂದು ಗಂಟೆ ಹಾಲಿನಲ್ಲಿ ಕೂತು ಆಡುವಳು. ಮುದುಕರು ಹಿಂದಿನ ಕುರ್ಚಿಯಲ್ಲಿ ಕೂತು ನೋಡುವರು. ಬೆಟ್ಟದ ಜನಕ್ಕೆಲ್ಲ ಅವಳು ಹಲ್ಲಿನ ಹೆಸರೇ ಇಟ್ಟಿದ್ದಳು. ಕೋರೆ, ದವಡೆ, ಬುದ್ಧಿಹಲ್ಲು, ಸದಾ ಜಗಳಕ್ಕೆ ನಿಲ್ಲುವ ಒಬ್ಬನಿಗೆ ಹುಳುಕ. ಒಬ್ಬ ನರೆಗೂದಲಿನ ಮುದುಕನಿಗೆ ಮಾತ್ರ ಅಪ್ಪ ಅಂತ ಹೆಸರು. ಆ ಅಪ್ಪನಿಗೆ ತೋಟದ ನಡುವೆ ಒಳ್ಳೆಯ ಕುರ್ಚಿ, ಸುತ್ತ ಹೂವು, ಎದುರಿಗೆ ಕಾರಂಜಿ. ಅವನ ಹೆಸರಿನ ಮುಂದಿದ್ದ ಕೆಲಸಗಳನ್ನೆಲ್ಲ ಒಂದೊಂದಾಗಿ ಹೊಡೆದು ಹಾಕಿದ್ದಳು. ಇಷ್ಟಾದರೂ ಅವನ ತಲೆಯ ಮೇಲೆ ಮನಸ್ಸಿನ ಸ್ಥಿತಿ ತೋರಿಸುವ ಪುಟ್ಟ ಮುಖ ಯಾವಾಗಲೂ ಕೆಂಪು. "ಇಷ್ಟೆಲ್ಲ ಮಾಡಿದ್ರೂ ಮುಖ ನೋಡು, ಹರಳೆಣ್ಣೆ ಕುಡಿದವರ ಹಾಗೆ!" ಎಂದು ಬೈಯುವಳು. ಹಿಂದೆ ಕೂತವರು ಹೂಂ ಅನ್ನುವರು.

ಕ್ಲಿನಿಕ್ಕಿಗೆ ಹೊಸ ಮಶೀನು ಬಂದು, ಅದನ್ನು ಕಲಿಯಲು ಅವಳು ಮೂರು ದಿನ ಬೇರೆ ಊರಿಗೆ ಹೋಗಬೇಕಾಯಿತು. ಗಂಡ ರಜೆ ಹಾಕಿದ. ಅಪ್ಪನ ಊಟ ತಿಂಡಿಯ ಬಗ್ಗೆ ಒಂದು ಉದ್ದದ ಪಟ್ಟಿ ಬರೆದು ಗೋಡೆಗೆ ಅಂಟಿಸಿದಳು. ಆಟದ ಬಗ್ಗೆ ಬಾಯಲ್ಲೇ ಹೇಳಿದಳು.

"ಬೆಟ್ಟದಲ್ಲಿ ಚಳಿಗಾಲ ಶುರುವಾಗುತ್ತೆ ರೀ. ಒಲೆ ಮಾಡೋಕೆ ಕಬ್ಬಿಣ ಕಮ್ಮಿ ಇದೆ. ದಿನಾ ಸ್ವಲ್ಪ ಅಗೆಸಿ ಇಡಿ. ಯಾರು ಅಗೀಬೇಕು, ಯಾವ ಬಂಡೆ ಅಗೀಬೇಕು, ಕೈಯಾರೆ ತೋರಿಸಿ ಅಗೆಸಿ. ಈ ಆಟದಲ್ಲಿ ಸತ್ತವರು ಸತ್ತ ಹಾಗೇ. ಬೇರೆ ಏನೂ ಮುಟ್ಬೇಡಿ."

"ಆಯ್ತು ಕಣೇ, ನಾನೇನ್ ಚಿಕ್ಕ ಮಗುನಾ?" ಎಂದ ಆಟೋಮ್ಯಾಟಿಕ್.

ಅರ್ಧ ಗಂಟೆ ಹೇಳಿದ ಹಾಗೇ ಮಾಡಿದ, ಪಾಪ. ಕೋರೆಯನ್ನು ಹಿಡಿದು ಬಂಡೆ ತೋರಿಸಿದ. ಅವನು ಅಗೆದು ಮುಗಿಸಿ ಬೆಪ್ಪನ ಹಾಗೆ ನಿಂತ. ಮತ್ತೆ ಹಿಡಿದು ಇನ್ನೊಂದು ಬಂಡೆ ತೋರಿಸಿದ. ಏಳನೇ ಬಂಡೆಗೆ ಕೈ ತುರಿಸಿತು. ಎರಡು ವರ್ಷದಿಂದ ಇವಳು ಹೀಗೆ ಒಂದೊಂದೇ ಕಲ್ಲು ತೋರಿಸಿಕೊಂಡು ಕೂತಿದ್ದಾಳಾ ಎಂದು ಅವನಿಗೆ ಅಯ್ಯೋ ಅನ್ನಿಸಿತು. ಹುಡುಕಿದ. ಸಿಕ್ಕೇ ಸಿಕ್ಕಿತು. ಮೂಲೆಯಲ್ಲಿ 'ತಾನಾಗಿ ನಡೆಯುವ ಕೆಲಸಗಳು' ಎಂಬ ಪುಟ! ಅವನಿಗೆ ತವರುಮನೆ ಕಂಡಷ್ಟು ಸಂತೋಷವಾಯಿತು.

ಯಾರೋ ಪುಣ್ಯವಂತರು ಆ ಆಟವನ್ನು ಕನ್ನಡಕ್ಕೆ ತಂದಿದ್ದರು, ಹಾಗಾಗಿ ಓದಿಕೊಂಡು ತುಂಬುವುದಕ್ಕೆ ತೊಂದರೆಯಿರಲಿಲ್ಲ. ಏನು? ಕಬ್ಬಿಣದ ಅದಿರು. ಎಲ್ಲಿ? ಬೆಟ್ಟದ ಬುಡ. ಯಾರು? ಅಲ್ಲಿ ನಾಲ್ಕಾರು ಆಯ್ಕೆಗಳಿದ್ದವು. 'ಕೈ ಖಾಲಿ ಇರುವವರೆಲ್ಲ' ಎನ್ನುವುದು ಅವನಿಗೆ ಬಹಳ ಹಿಡಿಸಿತು. ಇನ್ನು ಎಲ್ಲಿಗೆ ನಿಲ್ಲಿಸಬೇಕು? ಕೆಳಗೆ ಹಸಿರು ಬಣ್ಣದಲ್ಲಿ 'ಸಾಕು' ಎಂದಿತ್ತು, ಪಕ್ಕದಲ್ಲಿ ಸಂಖ್ಯೆಗೆ ಜಾಗ. ಎಷ್ಟು ಚೆನ್ನಾಗಿ ಮಾಡಿದ್ದಾರೆ ನೋಡು ಎಂದುಕೊಂಡು ಇನ್ನೂರು ಎಂದು ತುಂಬಿ ಒತ್ತಿದ. ಇನ್ನೂರು ಗುಡ್ಡೆ ಅದಿರಾದರೆ ಸಾಕು. ಎದ್ದು ಅಡುಗೆಮನೆಗೆ ಹೋಗಿ, ಪಟ್ಟಿಯಲ್ಲಿದ್ದ ಪ್ರಕಾರ ಮಾವನಿಗೆ ಸೂಪು ಮಾಡುತ್ತ ಶಿಳ್ಳೆ ಹೊಡೆದ.

ಮುಕ್ಕಾಲು ಗಂಟೆ ಬಿಟ್ಟು ಬಂದು ನೋಡುತ್ತಾನೆ, ಬೆಟ್ಟದವರ ಊಟದ ಮನೆಯ ತುಂಬ ಮೇಕೆ. ಮಂಚದ ಮೇಲೆ ಮೇಕೆ, ಕಾರಂಜಿಯಲ್ಲಿ ಮೇಕೆ. ದವಡೆ ಮತ್ತು ಬುದ್ಧಿಹಲ್ಲು ಹುಲ್ಲಿನ ಕಂತೆ ಹಿಡಿದು ಇನ್ನೂ ಒಂದು ಕಾಡು ಮೇಕೆಯ ಹಿಂದೆ ಓಡುತ್ತಿದ್ದಾರೆ. ಇತ್ತ ಗಣಿಯಲ್ಲಿ ಅದಿರು ಇನ್ನೂರು ದಾಟಿ ಐನೂರರ ಹತ್ತಿರ ಬಂದಿದೆ, ಅಗೆಯುವುದು ನಿಂತೇ ಇಲ್ಲ. ಗಾಬರಿಯಲ್ಲಿ 'ಸಾಕು' ಒತ್ತಿದ. ಇನ್ನೂರು ಇದ್ದದ್ದು ಇನ್ನೂರಹತ್ತಾಯಿತು. ಮತ್ತೆ ಒತ್ತಿದ. ಇನ್ನೂರಿಪ್ಪತ್ತು. ಹುಳುಕ ಪಿಕಾಸಿ ಬಿಸಾಡಿ ಹುಲ್ಲು ತರಲು ಓಡಿದ.

"ಸಾಕು ಅಂದ್ರೆ ಸಾಕು ಕಣ್ರೋ!" ಎಂದು ಕಂಪ್ಯೂಟರಿಗೆ ಕೂಗಿದ.

ಹಿಂದಿನಿಂದ ಏನೋ ಸದ್ದಾಯಿತು. ಮಾವ ಕೆಮ್ಮುತ್ತಿದ್ದಾರೆಂದು ತಿರುಗಿ ನೋಡಿದ. ಕೆಮ್ಮಲ್ಲ, ಮುದುಕರು ನಗುತ್ತಿದ್ದರು.

"ಅದು ಆ ಸಾಕು ಅಲ್ಲ ಅಳಿಯಂದ್ರೇ," ಎಂದರು. "ಮೇಕೆ ಸಾಕು, ನಾಯಿ ಸಾಕು ಅಂತೀವಲ್ಲ, ಆ ಸಾಕು. ಇನ್ನೂರು ಮೇಕೆ ಸಾಕು ಅಂತ ಹೇಳಿದ್ದೀರಿ. ಅವರು ಸಾಕ್ತಾ ಇದಾರೆ."

ಆಟೋಮ್ಯಾಟಿಕ್‌ಗೆ ನಾಚಿಕೆಪಡಲೂ ಪುರುಸೊತ್ತು ಸಿಗಲಿಲ್ಲ. ಅಷ್ಟರಲ್ಲಿ ಅವನ ಕಣ್ಣು ತೋಟದ ಕುರ್ಚಿಯ ಮೇಲೆ ಬಿತ್ತು. ಖಾಲಿ! ಇಡೀ ಬೆಟ್ಟದಲ್ಲಿ ಅಪ್ಪನಷ್ಟು ಕೈ ಖಾಲಿ ಇದ್ದವರು ಇನ್ನೊಬ್ಬರಿರಲಿಲ್ಲವಲ್ಲ, ನಿಯಮ ಮೊದಲು ಹಿಡಿದದ್ದೇ ಅವನನ್ನು. ಹುಡುಕಿದರೆ, ಗಣಿಯ ಕಟ್ಟಕಡೆಯ ಸುರಂಗದಲ್ಲಿ ಪಿಕಾಸಿ ಎತ್ತಿ ಎತ್ತಿ ಹಾಕುತ್ತಿದ್ದಾನೆ. ಕೈಗೆ ಬಂದ ಹಾಗೆ ಹಿಡಿದು ತೋಟಕ್ಕೆ ಕಳಿಸಿದ. ಎರಡು ಹೆಜ್ಜೆ ಬಂದು ಅಪ್ಪ ಮತ್ತೆ ಗಣಿಗೆ ತಿರುಗಿದ. ಸುರಂಗ ಕುಸಿದು ಈ ಮುದುಕ ಸತ್ತರೆ ತಾನು ಹೆಂಡತಿಗೆ ಮುಖ ತೋರಿಸುವುದು ಹೇಗೆ?

"ಬಿಡಿ ಅವನ್ನ," ಎಂದರು ಮಾವ. "ಅಗೀಲಿ."

"ಅಯ್ಯೋ ಮಾವ, ನಿಮ್ ಮಗಳು ನನ್ನ ಹೂತು ಹಾಕ್ತಾಳೆ!"

"ಅವನ ಮುಖ ನೋಡ್ರೀ ಮೊದ್ಲು."

ನೋಡಿದ. ಯಾವಾಗಲೂ ಕೆಂಪಗಿರುತ್ತಿದ್ದ ಪುಟ್ಟ ಮುಖ ಹಳದಿಯಾಗಿ, ಹಳದಿಯಿಂದ ಹಸಿರಿಗೆ ತಿರುಗಿತ್ತು. ನಗುತ್ತಿತ್ತು. ಮುದುಕರು ಕುರ್ಚಿಯನ್ನು ತಾವೇ ಜರುಗಿಸಿಕೊಂಡು ಹತ್ತಿರ ಬಂದರು. "ಆ ಮೂಲೆಗೆ ಎರಡು ಕಂಬ ಕೊಡ್ಸಿ, ಬೀಳೋ ಹಾಗಿದೆ. ಆಮೇಲೆ ಆ ಮೇಕೆ ಸಂಖ್ಯೆ ಸೊನ್ನೆ ಮಾಡಿ. ನಡೀರಿ, ಬೇಗ." ಆರು ತಿಂಗಳ ಮಾತನ್ನೆಲ್ಲ ಅವತ್ತೇ ಆಡುವವರ ಹಾಗೆ ಸಂಜೆವರೆಗೂ ಹೇಳಿದರು, ಅಳಿಯ ಹೇಳಿದಂತೆ ಕೇಳಿದ. ಸೂಪು ಆರಿಹೋಗಿತ್ತು. ಮಾವ ಆರಿದ್ದನ್ನೇ ಕುಡಿದು, ಇನ್ನೊಂದು ಬಟ್ಟಲು ಕೇಳಿದರು.

ಮೂರನೆಯ ದಿನ ಸಂಜೆ ಬಂದವಳು ಚೀಲ ಇಡುವ ಮೊದಲೇ ಆಟ ನೋಡಿದಳು. ಮೇಕೆಗಳನ್ನು ನೋಡಿ, "ಇದೇನ್ರೀ ಇದು, ದೊಡ್ಡೀನಾ?" ಎಂದಳು. ಆಟೋಮ್ಯಾಟಿಕ್ ಬಾಲ ಮುದುರಿಕೊಂಡು ನಿಂತ. ಆಮೇಲೆ ಅವಳಿಗೆ ತೋಟದ ಕುರ್ಚಿ ಖಾಲಿಯಿರುವುದು ಕಂಡಿತು. ಈ ಸಲ ಅವಳ ದನಿಯಲ್ಲಿ ತಮಾಷೆಯಿರಲಿಲ್ಲ.

"ಅಪ್ಪನ್ನ ಗಣಿಗೆ ಹಾಕಿದ್ರಾ? ಮನಸ್ಸಾದ್ರೂ ಹೇಗೆ ಬಂತ್ರೀ ನಿಮಗೆ?"

ಕಂಬ ಕೊಟ್ಟ ಸುರಂಗದಿಂದ ಅವನನ್ನು ಎಳೆದು ತಂದು ಕುರ್ಚಿಯಲ್ಲಿ ಕೂರಿಸಿದಳು, ಕೆಲಸದ ಗುರುತುಗಳನ್ನು ಒಂದೊಂದಾಗಿ ಅಳಿಸಿದಳು. ಹಸಿರು ಮುಖ ಹಳದಿಯಾಯಿತು, ಅವಳು ನೋಡನೋಡುತ್ತಿದ್ದಂತೆ ಕೆಂಪಾಯಿತು. ಗಂಡ ಕೈ ಚಾಚಿ ಆ ಮುಖದ ಮೇಲೆ ಒತ್ತಿದ. ಅವಳು ಎರಡು ವರ್ಷದಲ್ಲಿ ಒಂದು ಸಲವೂ ಒತ್ತಿ ನೋಡಿರಲಿಲ್ಲ. ಬೇಸರಕ್ಕೆ ಕಾರಣ ಎಂಬ ಪಟ್ಟಿ ತೆರೆಯಿತು. ಪಟ್ಟಿಯಲ್ಲಿ ಒಂದೇ ಸಾಲು. 'ಮಾಡಲು ಏನೂ ಇಲ್ಲ.'

ಅವಳ ಕೈ ಅಲ್ಲೇ ನಿಂತಿತು. ತಿರುಗಿದಾಗ ಕಣ್ಣು ತುಂಬಿತ್ತು.

"ಅಪ್ಪಾ, ನಾನ್ ನಿನ್ನ ಚೆನ್ನಾಗಿ ಸಾಕ್ತಾ ಇದೀನಿ ಅಂತ ಅಂದ್ಕೊಂಡಿದ್ದೆ."

"ಸಾಕ್ತಾ ಇಲ್ಲ ಕಣಮ್ಮ," ಎಂದರು ಮುದುಕರು ಮೆಲ್ಲಗೆ. "ಒಂದೂವರೆ ವರ್ಷದಿಂದ ಬರೀ ಸಾಕು ಸಾಕು ಅಂತಾ ಇದೀಯ."

ಅವಳು ಅತ್ತಳು. ಆಟೋಮ್ಯಾಟಿಕ್ ಕೂಡ ಕುರ್ಚಿಯ ಬಟನ್ನುಗಳನ್ನು ನೋಡಿ ತಲೆ ತಗ್ಗಿಸಿದ, ಅಷ್ಟು ಒಳ್ಳೆಯ ವೈರಿಂಗ್ ಮಾಡಿದ್ದಕ್ಕೆ ಮೊದಲ ಸಲ ಅವನಿಗೆ ನಾಚಿಕೆಯಾಗಿತ್ತು.

ಮರುದಿನ ಬೆಳಿಗ್ಗೆ ಮುದುಕರು ಅಂಗಿಯ ಗುಂಡಿ ತಾವೇ ಹಾಕಿಕೊಂಡರು. ಐದು ಗುಂಡಿಗೆ ಹನ್ನೆರಡು ನಿಮಿಷ. ಮಗಳು ಕ್ಲಿನಿಕ್ಕಿಗೆ ತಡವಾಗುತ್ತಿದ್ದರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಗುಂಡಿಗಳೆಲ್ಲ ಒಂದೊಂದು ತೂತು ಮೇಲಕ್ಕೆ ಬಿದ್ದಿದ್ದವು. ಅಳಿಯ ಅದನ್ನು ಹೇಳಲು ಹೊರಟವನು ಹೆಂಡತಿ ನೋಡಿದ ನೋಟಕ್ಕೆ ನಾಲಿಗೆ ಕಚ್ಚಿಕೊಂಡ. ಮುದುಕರು ಕೋಲು ತೆಗೆದುಕೊಂಡು ಬಾಗಿಲಿಗೆ ಬಂದರು.

"ಅಂಗಡಿಗೆ ಹೋಗ್ತೀನಿ. ಏನ್ ತರ್ಬೇಕು ಹೇಳು."

ಮನೆ ಇದ್ದದ್ದು ಮೂರನೆಯ ಮಹಡಿಯಲ್ಲಿ. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವವನ ಕಟ್ಟಡಕ್ಕೆ ಲಿಫ್ಟಿರಲಿಲ್ಲ. ಒಟ್ಟು ಐವತ್ನಾಲ್ಕು ಮೆಟ್ಟಿಲು. ಅವಳ ಗಂಟಲಿಗೆ ಬಂದ ಮಾತು ಯಾವುದೆಂದು ಮೂವರಿಗೂ ಗೊತ್ತಿತ್ತು. ಅದನ್ನು ನುಂಗಿಕೊಂಡಳು.

"ಬ್ರೆಡ್ ತಗೊಂಡ್ ಬಾ ಅಪ್ಪಾ."

"ಬ್ರೆಡ್ ನಿನ್ನೇನೇ…" ಎಂದ ಆಟೋಮ್ಯಾಟಿಕ್. ಅವಳು ಅವನ ಕಾಲು ತುಳಿದಳು.

ಇಬ್ಬರೂ ಮೆಟ್ಟಿಲ ತಲೆಯಲ್ಲಿ ನಿಂತು ಕೇಳಿಸಿಕೊಂಡರು. ಕೋಲಿನ ಸದ್ದು ಒಂದು ಮಹಡಿ ಇಳಿಯಿತು, ಇನ್ನೊಂದರ ಅರ್ಧಕ್ಕೆ ಹೋಗಿ ನಿಂತುಬಿಟ್ಟಿತು. ಅವಳು ಕಟಾಂಜನ ಗಟ್ಟಿಯಾಗಿ ಹಿಡಿದು ಒಂದು ಕಾಲು ಕೆಳಗಿನ ಮೆಟ್ಟಿಲಿಗೆ ಇಟ್ಟಳು. ಕೆಳಗೆ ಯಾರ ಮನೆಯವರೋ ಏನೋ ಕೇಳಿದರು. "ಏನಿಲ್ಲಮ್ಮ, ಸ್ವಲ್ಪ ಕೆಲಸ ಇದೆ, ಹೋಗ್ತಾ ಇದೀನಿ" ಎಂದು ಮುದುಕರು ದೊಡ್ಡ ದನಿಯಲ್ಲಿ ಹೇಳಿದ್ದು ಮೇಲಿನವರೆಗೂ ಕೇಳಿಸಿತು. ಕೋಲಿನ ಸದ್ದು ಮತ್ತೆ ಶುರುವಾಯಿತು. ಅವಳು ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.