ಎರಡನೇ ಸ್ಕ್ಯಾನು

ನಮ್ಮ ಸ್ಕ್ಯಾನಿಂಗ್ ಡಾಕ್ಟರಿಗೆ ಒಂದೇ ಯಂತ್ರದ ಮಾತೆಂದರೆ ಬರೀ ಚಾಡಿಮಾತು. ಕರುಳು ಊದಿದೆ ಎಂದು ಅಲ್ಟ್ರಾಸೌಂಡ್ ತೋರಿಸಿದರೆ, "ಇದು ಬಾಯಿಗೆ ಬಂದದ್ದು ಹೇಳುತ್ತೆ" ಎಂದು ರೋಗಿಯನ್ನು ಎಂಆರ್‌ಐಗೆ ಅಟ್ಟುತ್ತಾರೆ. ಆಮೇಲೆ ಎರಡೂ ಚಿತ್ರಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಕೂರಿಸಿ, ಕಳ್ಳರನ್ನು ವಿಚಾರಿಸುವವರಂತೆ ದುರುಗುಟ್ಟಿ ನೋಡುತ್ತಾರೆ. ಎರಡೂ ಒಪ್ಪಿಕೊಂಡರೆ ಮಾತ್ರ ಉರಿಯೂತವೆಂದು ಸಹಿ ಬೀಳುತ್ತದೆ. ಮನೆಯಲ್ಲೂ ಅಷ್ಟೆ, ಹಾಲನ್ನು ಮೂಸಿ, ಹೆಂಡತಿಗೂ ಮೂಸಿಸಿಯೇ ಕುಡಿಯುತ್ತಾರೆ. "ನನ್ನನ್ನಾದ್ರೂ ನಂಬ್ತೀರೇನ್ರೀ?" ಎಂದು ಆಕೆ ಕೇಳಿದರೆ, "ನಿನ್ನ ತಂಗೀನೂ ಒಂದ್ಮಾತು ಕೇಳ್ಬೇಕು ಕಣೇ" ಎನ್ನುತ್ತಾರೆ. ಮೊನ್ನೆ ಅವರ ಮೇಜಿನ ಡ್ರಾಯರಿನಲ್ಲಿ ನರ್ಸಮ್ಮನಿಗೆ ಡಾಕ್ಟರದೇ ಹೆಸರಿನ ಅಲ್ಟ್ರಾಸೌಂಡ್ ಚಿತ್ರ ಸಿಕ್ಕಿತು. ಆರು ತಿಂಗಳು ಹಳೆಯದು, ಕರುಳಿನ ಗೋಡೆ ದಪ್ಪಗೆ ಊದಿತ್ತು. "ಇದರ ಎಂಆರ್‌ಐ ಎಲ್ಲಿ ಸಾರ್?" ಎಂದಳು. ಡಾಕ್ಟರು ಡ್ರಾಯರು ಮುಚ್ಚಿ ಮೆಲ್ಲಗೆ ಹೇಳಿದರು: "ಅದೂ ಇದನ್ನೇ ಹೇಳಿಬಿಟ್ರೆ, ನಂಬಬೇಕಾಗುತ್ತಲ್ಲಮ್ಮ."